ಕೂಸಿಗೆ ಯಾವ ಡೈಪರ್? ಉಪ್ಪುನೀರು, ಟಿಶ್ಯೂ, ತಕ್ಕಡಿ ಇಟ್ಕೊಂಡು ನಾನು ಮಾಡಿದ ಹೋಲಿಕೆ

ಹರಿಹರದಲ್ಲಿ ನಮ್ಮನೆಯವರ ಕಡೆಯ ಒಂದು ಮದುವೆ ಇತ್ತು. ದಾವಣಗೆರೆಯಿಂದ ಏನ್ ದೂರ ಹೇಳ್ರಿ, ಅರ್ಧ ತಾಸು. ಹೊರಡೋ ಮುಂಚೆ ಮಗಳಿಗೆ ಹೊಸ ಡೈಪರ್ ಹಾಕಿದ್ದೆ, ಪಾಕೀಟಿನ ಮೇಲೆ ದೊಡ್ಡ ಅಕ್ಷರದಲ್ಲಿ 12 ಗಂಟೆ ಡ್ರೈ ಅಂತ ಇತ್ತು, ನಾನೂ ನಂಬ್ಕೊಂಡು ಬ್ಯಾಗಲ್ಲಿ ಒಂದೇ ಒಂದು ಎಕ್ಸ್‌ಟ್ರಾ ಇಟ್ಕೊಂಡಿದ್ದೆ. ಅಕ್ಷತೆ ಹಾಕೋ ಹೊತ್ತಿಗೆ ಸರಿಯಾಗಿ ನಮ್ಮ ಅತ್ತೆಯವರ ಇಳಕಲ್ ಸೀರೆ ತೊಡೆ ಮೇಲೆ ಪೂರ್ತಿ ಒದ್ದೆ. ಅವರು ಬೈಲಿಲ್ಲ, ಬೈದಿದ್ರೆ ವಾಸಿ ಇತ್ತು. ಮಗೂನ ನನ್ನ ಕೈಗೆ ಕೊಟ್ಟು "ಏನವ್ವಾ, ಹನ್ನೆರಡು ತಾಸು ಅಂದಿದ್ದೆಲ್ಲ, ಇನ್ನೂ ಎರಡು ತಾಸೂ ಆಗಿಲ್ಲ" ಅಂದ್ರು, ಅಷ್ಟೇ. ಪಕ್ಕದ ಸಾಲಲ್ಲಿ ಕೂತವರು ನಕ್ಕಿದ್ದು ಇವತ್ತಿಗೂ ಮರೆತಿಲ್ಲ.

ಮನೆಗೆ ಬಂದು ಮೊದಲು ಮಾಡಿದ್ದು ಆ ಬ್ರಾಂಡನ್ನ ಬೈದಿದ್ದು. ಆಮೇಲೆ ಗೊತ್ತಾಯ್ತು ತಪ್ಪು ಅರ್ಧ ನಂದೇ ಅಂತ. ಮಗಳು 8 ತಿಂಗಳು, ಹಾಗಾಗಿ ಎಂ ಸೈಜ್ ಅಂತ ತಿಂಗಳ ಲೆಕ್ಕದಲ್ಲಿ ತಂದಿದ್ದೆ, ಅವಳ ತೂಕ ಆಗಲೇ 10 ಕಿಲೋ ದಾಟಿತ್ತು, ತೊಡೆ ನೋಡಿದ್ರೆ ಪುಟ್ಟ ಪೈಲ್ವಾನ್. ಅಲ್ಲಿಂದ ಶುರುವಾಯ್ತು ನನ್ನ ತಲೆಕೆಟ್ಟ ಸಂಶೋಧನೆ, ನಾಲ್ಕು ಬೇರೆ ಬೇರೆ ಚಿಕ್ಕ ಪಾಕೀಟು ತಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಕೊಂಡು ಪರೀಕ್ಷೆ ಮಾಡಿದೆ. ಯಾವ ಪಾಕೀಟು ಗೆದ್ದಿತು ಅಂತ ಬ್ರಾಂಡ್ ಹೆಸರು ಇಲ್ಲಿ ಹೇಳೋದಿಲ್ಲ, ಯಾಕಂದ್ರೆ ನನ್ನ ಮಗಳಿಗೆ ಸರಿಹೋಗಿದ್ದು ನಿಮ್ಮ ಮಗನಿಗೆ ಸೋರಬಹುದು. ಹೆಂಗೆ ನೋಡೋದು ಅನ್ನೋದನ್ನ ಮಾತ್ರ ಹೇಳ್ತೀನಿ.

ನಮ್ ಕಡೆ ಯಾವ ಕಂಪನಿದಾದ್ರೂ ಸರಿ, ಎಲ್ಲದಕ್ಕೂ ಪ್ಯಾಂಪರ್ಸ್ ಅಂತಾನೇ ಅನ್ನೋದು. ಅಂಗಡಿಗೆ ಹೋಗಿ "ಒಂದು ಪ್ಯಾಂಪರ್ಸ್ ಕೊಡ್ರಿ" ಅಂದ್ರೆ ಅವನು ಹಗ್ಗೀಸೋ ಮಾಮಿಪೊಕೋನೋ ಕೈಗೆ ಸಿಕ್ಕಿದ್ದು ಕೊಡ್ತಾನೆ, ನಾವೂ ತಗೊಂಡ್ ಬರ್ತೀವಿ. ಪ್ಯಾಂಪರ್ಸ್ ಅನ್ನೋದು ಅಮೆರಿಕಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ 1961ರಲ್ಲಿ ತಂದ ಬ್ರಾಂಡ್, ಮಾಮಿಪೊಕೋ ಜಪಾನಿನ ಯೂನಿಚಾರ್ಮ್‌ದು, ಹಗ್ಗೀಸ್ ಕಿಂಬರ್ಲಿ ಕ್ಲಾರ್ಕ್‌ದು, ಹಿಮಾಲಯ ನಮ್ಮ ಬೆಂಗಳೂರಿಂದೇ. ಒಂದೇ ಕಂಪನಿಯಲ್ಲೇ ಸಾದಾ, ಪ್ರೀಮಿಯಂ ಅಂತ ಎರಡು ಮೂರು ತರ ಇರ್ತವೆ, ಅವುಗಳ ನಡುವಿನ ವ್ಯತ್ಯಾಸ ಕೆಲವು ಸಲ ಎರಡು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ಜಾಸ್ತಿ ಇರುತ್ತೆ. ಹಂಗಾಗಿ "ಯಾವ ಬ್ರಾಂಡ್ ಬೆಸ್ಟ್" ಅಂತ ಕೇಳೋದೇ ಅರ್ಧ ತಪ್ಪು ಪ್ರಶ್ನೆ.

ಒಂದನ್ನ ಕತ್ತರಿಯಿಂದ ಉದ್ದಕ್ಕೆ ಸೀಳಿ ನೋಡ್ರಿ, ಎಲ್ಲ ಅರ್ಥ ಆಗುತ್ತೆ. ಮಗುವಿನ ಮೈಗೆ ತಾಗೋ ಮೆತ್ತಗಿನ ಬಿಳಿ ಪದರ ಬಟ್ಟೆ ತರ ಕಾಣ್ಸುತ್ತೆ, ಆದ್ರೆ ಅದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದ್ರೆ ಪ್ಲಾಸ್ಟಿಕ್ ಎಳೆ, ನೇಯ್ದಿದ್ದಲ್ಲ, ಒತ್ತಿ ಅಂಟಿಸಿದ್ದು. ಅದರ ಕೆಳಗೆ ಒಂದು ತೆಳ್ಳಗಿನ ಪದರ, ಬಂದ ನೀರನ್ನ ಒಂದೇ ಕಡೆ ನಿಲ್ಲೋಕೆ ಬಿಡದೆ ಹಿಂದೆ ಮುಂದೆ ಹರಡೋದು ಅದರ ಕೆಲಸ. ಅದರ ಕೆಳಗೆ ಹತ್ತಿ ತರ ಕಾಣೋ ತುಂಬು, ಅದು ಹತ್ತಿ ಅಲ್ಲ, ಮರದ ತಿರುಳು. ನಮ್ಮೂರು ಒಂದು ಕಾಲದಲ್ಲಿ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಹಾಗಾಗಿ ಗಿರಣಿ ಕಂಡಿರೋ ನಮ್ಮ ಅತ್ತೆ ಅದನ್ನ ಬೆರಳಲ್ಲಿ ಹಿಂಜಿ ನೋಡಿ "ಇದು ಅಳ್ಳಿ ಅಲ್ಲ ಬಿಡು" ಅಂತ ಒಂದು ಕ್ಷಣದಲ್ಲಿ ಹೇಳಿಬಿಟ್ರು. ಆ ತಿರುಳಿನ ನಡುವೆ ಸಣ್ಣ ಸಕ್ಕರೆ ಹರಳಿನ ತರ ಬಿಳಿ ಪುಡಿ ಉದುರುತ್ತಲ್ಲ, ಅದೇ ನಿಜವಾದ ಕೆಲಸಗಾರ, ಸೋಡಿಯಂ ಪಾಲಿಅಕ್ರಿಲೇಟ್. ನೀರು ಬಿದ್ದ ತಕ್ಷಣ ಉಬ್ಬಿ ಜೆಲ್ಲಿ ಆಗುತ್ತೆ, ಹಿಂಡಿದ್ರೂ ನೀರು ಸುಲಭಕ್ಕೆ ಬಿಟ್ಟುಕೊಡಲ್ಲ. ಹೊರಗಿನ ಪದರ ನೀರು ದಾಟದ ಪ್ಲಾಸ್ಟಿಕ್ ಹಾಳೆ, ತೊಡೆ ಸುತ್ತ ರಬ್ಬರ್ ಇರೋ ನಿರಿಗೆ.

ಈ ಪುಡಿ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಜಾಹೀರಾತಿನ ಆಟ ಎಲ್ಲ ಇಲ್ಲೇ ಇರೋದು. ಶುದ್ಧ ನೀರು ಹಾಕಿದ್ರೆ ಇದು ತನ್ನ ತೂಕದ ನೂರಾರು ಪಟ್ಟು ಹೀರುತ್ತೆ. ಉಪ್ಪು ಬೆರೆತ ನೀರಾದ್ರೆ ಮೂವತ್ತು, ನಲವತ್ತು, ಹೆಚ್ಚಂದ್ರೆ ಐವತ್ತು ಪಟ್ಟಿಗೆ ಇಳಿಯುತ್ತೆ. ಉಚ್ಚೆಯಲ್ಲಿ ಉಪ್ಪು ಇದ್ದೇ ಇರುತ್ತೆ. ಮನೆಯಲ್ಲಿ ನಲ್ಲಿ ನೀರು ಸುರಿದು "ಅಬ್ಬಾ ಎಷ್ಟು ಕುಡೀತು" ಅಂತ ವಿಡಿಯೋ ಮಾಡೋರನ್ನ ನಂಬಬೇಡ್ರಿ, ಅದು ನಿಮ್ಮ ಕೂಸಿನ ಲೆಕ್ಕ ಅಲ್ಲ.

ಇನ್ನೊಂದು, ದಪ್ಪ ಇದ್ರೆ ಒಳ್ಳೇದು ಅನ್ನೋದು. ಮಂಡಿಪೇಟೆ ಅಂಗಡಿಯಲ್ಲಿ ಅತ್ತೆ ಪಾಕೀಟನ್ನ ಟೊಮೆಟೊ ಒತ್ತಿ ನೋಡಿದಂಗೆ ಒತ್ತಿ ನೋಡಿ "ಇದು ಗಟ್ಟಿ ಐತಿ, ಇದನ್ನೇ ತಗಾ" ಅಂದಿದ್ರು. ದಪ್ಪ ಇರೋದು ಮರದ ತಿರುಳಿನಿಂದ, ತೆಳ್ಳಗಿರೋದರಲ್ಲಿ ಪುಡಿ ಪ್ರಮಾಣ ಜಾಸ್ತಿ ಇರಬಹುದು, ಆಗ ತೆಳ್ಳಗಿನದೇ ಜಾಸ್ತಿ ಹಿಡಿಯುತ್ತೆ. ನನ್ನ ಪರೀಕ್ಷೆಯಲ್ಲಿ ಅತ್ತೆ ಆರಿಸಿದ ದಪ್ಪದ್ದು ಮೂರನೇ ಸ್ಥಾನ. ಅವರಿಗೆ ಇನ್ನೂ ಹೇಳಿಲ್ಲ.

ಕಂಪನಿಗಳ ಲ್ಯಾಬಲ್ಲಿ ಹೆಂಗೆ ಪರೀಕ್ಷೆ ಮಾಡ್ತಾರೆ ಅಂತ ಸ್ವಲ್ಪ ತಿಳ್ಕೊಂಡ್ರೆ ಮನೆಯಲ್ಲಿ ಏನ್ ಮಾಡಬೇಕು ಅಂತ ತಾನೇ ಹೊಳೆಯುತ್ತೆ. ಅವರು ಉಚ್ಚೆ ಬದಲು 0.9 ಪರ್ಸೆಂಟ್ ಉಪ್ಪುನೀರು ಬಳಸ್ತಾರೆ, ಆಸ್ಪತ್ರೆಯ ಸಲೈನ್ ಬಾಟ್ಲಿಯ ಅಳತೆನೇ. ಪುಡಿಯನ್ನ ಬೇರೆಯಾಗಿ ಪರೀಕ್ಷೆ ಮಾಡೋದು ಟೀ ಬ್ಯಾಗ್ ತರದ ಚೀಲಕ್ಕೆ ಹಾಕಿ: ಅರ್ಧ ಗಂಟೆ ಉಪ್ಪುನೀರಲ್ಲಿ ನೆನೆಸಿ, ಆಮೇಲೆ ವಾಷಿಂಗ್ ಮಷೀನ್ ಡ್ರೈಯರ್ ತರ ಮಷೀನಲ್ಲಿ 3 ನಿಮಿಷ ಜೋರಾಗಿ ತಿರುಗಿಸಿ, ಇನ್ನೂ ಎಷ್ಟು ನೀರು ಹಿಡ್ಕೊಂಡಿದೆ ಅಂತ ತೂಗ್ತಾರೆ. ಪುಡಿ ಮೇಲೆ ಭಾರ ಇಟ್ಟು ಎಷ್ಟು ಹೀರುತ್ತೆ ಅಂತಾನೂ ನೋಡ್ತಾರೆ, ಕೂಸು ಅದರ ಮೇಲೆ ಕೂತಿರುತ್ತಲ್ಲ, ಅದಕ್ಕೆ. ಪೂರ್ತಿ ಡೈಪರಿಗೆ ಬಂದ್ರೆ ಎರಡು ಮುಖ್ಯ ಪರೀಕ್ಷೆ. ಒಂದು, ಸುರಿದ ನೀರು ಎಷ್ಟು ಸೆಕೆಂಡಲ್ಲಿ ಮೇಲಿನ ಪದರ ದಾಟಿ ಒಳಗೆ ಹೋಯ್ತು. ಇನ್ನೊಂದು ರೀವೆಟ್, ಅಂದ್ರೆ ಒಳಗೆ ಹೋದ ನೀರು ಭಾರ ಬಿದ್ದಾಗ ವಾಪಸ್ ಮೇಲೆ ಎಷ್ಟು ಬಂತು. ಇದರ ಜೊತೆ ಮಗುವಿನ ಆಕಾರದ ಬೊಂಬೆಗೆ ಡೈಪರ್ ಹಾಕಿ, ಒಳಗಿಂದ ಟ್ಯೂಬಲ್ಲಿ ನೀರು ಬಿಟ್ಟು, ಅಂಗಾತ, ಬೋರಲು, ಮಗ್ಗಲು ಅಂತ ಮಲಗಿಸಿ ಯಾವಾಗ ಸೋರುತ್ತೆ ಅಂತ ನೋಡ್ತಾರೆ, ಗಂಡು ಬೊಂಬೆ ಹೆಣ್ಣು ಬೊಂಬೆ ಬೇರೆ ಬೇರೆ, ನೀರು ಬೀಳೋ ಜಾಗ ಬೇರೆ ಅಲ್ವಾ.

ಕೊನೆಗೆ ನಿಜವಾದ ಮನೆಗಳಿಗೆ ಕೊಡ್ತಾರೆ. ಹೆಸರು ಚಿತ್ರ ಏನೂ ಇಲ್ಲದ ಬಿಳಿ ಡೈಪರ್, ಮೇಲೆ ಬರೀ ನಂಬರು, ಅಪ್ಪ ಅಮ್ಮ ಹಾಕಿ ತೆಗೆದು ಸೋರಿತೋ ಇಲ್ವೋ ಬರೀಬೇಕು, ಬಳಸಿದ್ದನ್ನ ತೂಕ ಮಾಡಬೇಕು. ಜರ್ಮನಿಯ ಸ್ಟಿಫ್ಟುಂಗ್ ವಾರೆನ್‌ಟೆಸ್ಟ್ ತರದ ಗ್ರಾಹಕ ಸಂಸ್ಥೆಗಳು ಕಂಪನಿಯ ಮಾತು ಬಿಟ್ಟು ತಾವೇ ಅಂಗಡಿಯಿಂದ ಕೊಂಡು ಪರೀಕ್ಷೆ ಮಾಡ್ತವೆ. ನಮ್ಮ ದೇಶದಲ್ಲಿ ಬಿಐಎಸ್ ಅಂದ್ರೆ ಐಎಸ್‌ಐ ಗುರುತು ಕೊಡೋ ಸಂಸ್ಥೆಯವರದ್ದು ಬಳಸಿ ಬಿಸಾಡೋ ಬೇಬಿ ಡೈಪರಿಗೆ ಅಂತಾನೇ ಒಂದು ಸ್ಟ್ಯಾಂಡರ್ಡ್ ಇದೆ, ಐಎಸ್ 17509, 2021ರದ್ದು. ಪಾಕೀಟಿನ ಹಿಂದೆ ಈ ನಂಬರ್ ಇದೆಯಾ ಅಂತ ಒಂದ್ಸಲ ತಿರುಗಿಸಿ ನೋಡ್ರಿ.

ಈಗ ನನ್ನ ಅಡುಗೆಮನೆ ಲ್ಯಾಬು. ನಾದಿನಿ ಮನೆಯಲ್ಲೇ ಕೇಕ್ ಮಾಡಿ ಮಾರ್ತಾಳೆ, ಅವಳ ಹತ್ರ ಒಂದೊಂದು ಗ್ರಾಂ ತೋರಿಸೋ ಪುಟ್ಟ ತಕ್ಕಡಿ ಇದೆ, ಅದನ್ನ ಎರಡು ದಿನಕ್ಕೆ ಅಂತ ಇಸ್ಕೊಂಡೆ. ಒಂದು ಲೀಟರ್ ನೀರಿಗೆ 9 ಗ್ರಾಂ ಅಡುಗೆ ಉಪ್ಪು, ಉಗುರುಬೆಚ್ಚಗೆ ಮಾಡ್ಕೊಂಡೆ. ಎಷ್ಟು ಸುರಿಯೋದು ಅನ್ನೋದಕ್ಕೂ ಲೆಕ್ಕ ಇದೆ: ಒಂದು ವರ್ಷದೊಳಗಿನ ಕೂಸಿನ ಮೂತ್ರಚೀಲ ಹಿಡಿಯೋದು ತೂಕದ ಒಂದು ಕಿಲೋಗೆ ಸುಮಾರು 7 ಎಂಎಲ್, ಅಂದ್ರೆ 8-9 ಕಿಲೋ ಮಗುವಿಗೆ ಒಂದ್ಸಲಕ್ಕೆ 60 ಎಂಎಲ್ ಅಂತ ಇಟ್ಕೋಬಹುದು. ಸಿರಪ್ ಜೊತೆ ಕೊಡೋ ಅಳತೆ ಮುಚ್ಚಳ ಸಾಕಾಗಲ್ಲ, ಹಾಲಿನ ಬಾಟ್ಲಿಯಲ್ಲಿ ಗೆರೆ ಇರ್ತವಲ್ಲ ಅದರಲ್ಲೇ ಅಳೆದೆ.

ನಾಲ್ಕೂ ಒಂದೇ ಸೈಜ್ ಇರಬೇಕು, ಇದನ್ನ ಮರೀಬೇಡ್ರಿ. ಡೈಪರನ್ನ ಬಿಚ್ಚಿ ಚಪ್ಪಟೆ ಹಾಸಿ, ಒಂದೇ ಜಾಗಕ್ಕೆ 60 ಎಂಎಲ್ ಸುರಿದು ಮೇಲೆ ಹೊಳೆಯೋ ನೀರು ಮಾಯ ಆಗೋವರೆಗೂ ಮೊಬೈಲಲ್ಲಿ ಟೈಮ್ ನೋಡಿದೆ. ಐದು ನಿಮಿಷ ಬಿಟ್ಟು ಮತ್ತೆ 60, ಇನ್ನೈದು ನಿಮಿಷ ಬಿಟ್ಟು ಮತ್ತೆ 60. ಮೊದಲನೇ ಸಲ ನಾಲ್ಕೂ ಶೂರರೇ, ಯಾವುದೂ ಕಮ್ಮಿ ಇಲ್ಲ. ಎರಡನೇ ಸಲಕ್ಕೆ ಒಂದು ತಡ ಮಾಡ್ತು. ಮೂರನೇ ಸಲ ಅಸಲಿ ಬಣ್ಣ ಹೊರಗೆ ಬಂತು, ಅಗ್ಗದ ಪಾಕೀಟಿನದು ನೀರು ಒಳಗೆ ಹೋಗದೆ ಮೇಲೇ ಹರಿದು ಅಂಚಿಗೆ ಬಂದು ಕಟ್ಟೆ ಮೇಲೆಲ್ಲ ಚೆಲ್ಲಿತು, ಪಕ್ಕದಲ್ಲಿ ಸಾರಿಗೆ ಹೆಚ್ಚಿಟ್ಟ ಬೀನ್ಸ್ ಇತ್ತು, ಅದು ಕಸಕ್ಕೆ ಹೋಯ್ತು. ಜಾಹೀರಾತಲ್ಲಿ ಒಂದೇ ಸಲ ನೀಲಿ ನೀರು ಸುರಿದು ತೋರಿಸ್ತಾರಲ್ಲ, ಒಂದೇ ಸಲ ಯಾಕೆ ಅಂತ ಅವತ್ತು ಗೊತ್ತಾಯ್ತು.

ಆಮೇಲೆ ರೀವೆಟ್, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಹತ್ತು ನಿಮಿಷ ಬಿಟ್ಟು, ಒಣ ಟಿಶ್ಯೂ ಹತ್ತು ಪದರ ಮಡಚಿ ತೂಕ ಬರ್ಕೊಂಡು, ಒದ್ದೆ ಜಾಗದ ಮೇಲಿಟ್ಟು ಅದರ ಮೇಲೆ ಒಂದು ಕಿಲೋ ಸಕ್ಕರೆ ಪಾಕೀಟು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಎರಡು ನಿಮಿಷ ಇಟ್ಟೆ. ತೆಗೆದು ಟಿಶ್ಯೂ ತೂಗಿದ್ರೆ ಎಷ್ಟು ಏರಿದೆಯೋ ಅಷ್ಟು ನೀರು ಮಗುವಿನ ಕುಂಡಿಗೆ ವಾಪಸ್ ಅಂತ ಅರ್ಥ. ಒಂದು ಪಾಕೀಟಿನದು ಟಿಶ್ಯೂ ಹೆಚ್ಚುಕಮ್ಮಿ ಹಾಕಿದಂಗೇ ಒಣಗಿತ್ತು, ಇನ್ನೊಂದರದು ಹಿಂಡಿದ್ರೆ ನೀರು ಬರ್ತಿತ್ತು. ಎರಡೂ ಪಾಕೀಟಿನ ಮೇಲೆ ಬರೆದಿದ್ದು ಮಾತ್ರ ಅದೇ 12 ಗಂಟೆ. ತಮಾಷೆ ಅಂದ್ರೆ ಎಲ್ಲಕ್ಕಿಂತ ಜಾಸ್ತಿ ರೇಟಿನದು ಇದರಲ್ಲಿ ಎರಡನೇದು, ಅದಕ್ಕಿಂತ ಪೀಸಿಗೆ ಎರಡು ಮೂರು ರೂಪಾಯಿ ಕಮ್ಮಿದು ಫಸ್ಟ್ ಬಂತು.

ತಕ್ಕಡಿ ಇಲ್ದಿದ್ರೂ ಪರವಾಗಿಲ್ಲ, ಕೈಯ ಹಿಂಭಾಗ ಒತ್ತಿ ನೋಡಿದ್ರೂ ತಂಪು ಗೊತ್ತಾಗುತ್ತೆ. ತಕ್ಕಡಿ ಇದ್ರೆ ಇನ್ನೊಂದು ಉಪಾಯ ಇದೆ: ರಾತ್ರಿ ಹಾಕೋ ಮುಂಚೆ ಡೈಪರ್ ತೂಗಿ, ಬೆಳಿಗ್ಗೆ ತೆಗೆದು ಮತ್ತೆ ತೂಗ್ರಿ, ಒಂದು ಗ್ರಾಂಗೆ ಒಂದು ಎಂಎಲ್ ಅಂತ ಹಿಡಿದ್ರೆ ನಿಮ್ಮ ಕೂಸು ರಾತ್ರಿ ಎಷ್ಟು ಹೊಯ್ಯುತ್ತೆ ಅಂತ ಗೊತ್ತಾಗುತ್ತೆ. ಆರೋಗ್ಯವಾಗಿರೋ ಎಳೆ ಮಕ್ಕಳು ಗಂಟೆಗೆ, ತೂಕದ ಕಿಲೋಗೆ ಒಂದರಿಂದ ಎರಡು ಎಂಎಲ್ ಹೊಯ್ತಾರೆ. 9 ಕಿಲೋ ಮಗು ಹತ್ತು ಗಂಟೆ ಮಲಗಿದ್ರೆ 90ರಿಂದ 180 ಎಂಎಲ್. ಮೂರು ಸಲ 60 ಹಾಕಿದ್ರೆ 180, ನನ್ನ ಪರೀಕ್ಷೆಯ ಲೆಕ್ಕ ಅಲ್ಲಿಂದ ಬಂದಿದ್ದು. ಮೂರನ್ನೂ ನುಂಗಿ ಒಣಗಿರೋದು ರಾತ್ರಿಗೆ, ಎರಡಕ್ಕೇ ಸುಸ್ತಾಗೋದು ಹಗಲಿಗೆ. (ನಾದಿನಿ ತಕ್ಕಡಿ ಕೊಡುವಾಗ ಯಾಕೆ ಅಂತ ಕೇಳಿರಲಿಲ್ಲ, ಬಳಸಿದ ಡೈಪರನ್ನೂ ತೂಗಿದ್ದು ಗೊತ್ತಾದ ಮೇಲೆ "ಅತ್ತಿಗೆ, ಅದನ್ನ ನೀವೇ ಇಟ್ಕಳಿ" ಅಂದ್ಲು.)

ಆದ್ರೆ ಪರೀಕ್ಷೆಯಲ್ಲಿ ಗೆದ್ದಿದ್ದು ತೊಡೆಯಲ್ಲಿ ಸೋಲಬಹುದು. ಸೋರೋದಕ್ಕೆ ದೊಡ್ಡ ಕಾರಣ ಹೀರೋ ಶಕ್ತಿ ಕಮ್ಮಿ ಅಂತಲ್ಲ, ಫಿಟಿಂಗ್. ಪಾಕೀಟಿನ ಮೇಲೆ ಎಸ್ 4ರಿಂದ 8 ಕಿಲೋ, ಎಂ 7ರಿಂದ 12, ಎಲ್ 9ರಿಂದ 14 ಅಂತ ಹೀಗೆ ಇರುತ್ತೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ. ಒಂದರ ಮೇಲೊಂದು ಬರ್ತವೆ ನೋಡ್ರಿ, 10 ಕಿಲೋ ಮಗು ಎಂ ಕೂಡ ಆಗಬಹುದು ಎಲ್ ಕೂಡ ಆಗಬಹುದು. ಅಲ್ಲಿ ತೊಡೆ ನೋಡಬೇಕು. ತೆಗೆದಾಗ ತೊಡೆ ಸಂದಿಯಲ್ಲಿ ಕೆಂಪು ಗೆರೆ ಬಿದ್ದು ಸುಮಾರು ಹೊತ್ತು ಹಂಗೇ ಉಳಿದ್ರೆ ಬಿಗಿ, ದೊಡ್ಡ ಸೈಜ್‌ಗೆ ಹೋಗ್ರಿ. ಸೊಂಟದಲ್ಲಿ ಎರಡು ಬೆರಳು ಆರಾಮಾಗಿ ಹೋಗಬೇಕು, ಇಡೀ ಕೈ ಹೋದ್ರೆ ಸಡಿಲ. ತೂಕ ಗೊತ್ತಿಲ್ಲ ಅನ್ನೋರು ಅಂಗನವಾಡಿಗೆ ಹೋಗ್ರಿ, ಅಲ್ಲಿ ಹೆಂಗೂ ತೂಕ ನೋಡಿ ಬರ್ಕೊಳ್ತಾರೆ. ಹಾಕಿದ ಮೇಲೆ ತೊಡೆ ಸುತ್ತಿನ ನಿರಿಗೆಯನ್ನ ಒಂದು ಬೆರಳು ಹಾಕಿ ಹೊರಗೆ ಬಿಡಿಸ್ರಿ, ಅದು ಒಳಗೆ ಮಡಚಿಕೊಂಡಿದ್ರೆ ಎಂಥಾ ದುಬಾರಿ ಡೈಪರೂ ಪಕ್ಕದಿಂದ ಸೋರುತ್ತೆ. ಹರಿಹರದ ಮದುವೆಯಲ್ಲಿ ಆಗಿದ್ದು ಎರಡೂ, ಸೈಜೂ ಚಿಕ್ಕದು, ನಿರಿಗೆಯೂ ಒಳಗೆ. ಗಂಡು ಮಗು ಆದ್ರೆ ಒದ್ದೆ ಮುಂದೆ ಜಾಸ್ತಿ, ಹೊಟ್ಟೆ ಕಡೆಯಿಂದ ಸೋರುತ್ತೆ, ಹಾಕುವಾಗ ಕೆಳಮುಖ ಮಾಡಿ ಹಾಕೋದನ್ನ ಮರೀಬಾರ್ದು, ಹೆಣ್ಣು ಮಗುವಿಗೆ ನಡುವೆ ಮತ್ತೆ ಹಿಂದೆ.

ಅಂಟು ಪಟ್ಟಿದಾ ಪ್ಯಾಂಟ್ ಟೈಪಾ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡ್ರಿ. ಬಾಣಂತನದ ಮೊದಲ ವಾರಗಳಲ್ಲಿ ಪಟ್ಟಿದೇ ವಾಸಿ, ಕೂಸಿನ ಕಾಲು ಎತ್ತಿ ಎಳೆದಾಡೋ ಕೆಲಸ ಇಲ್ಲ, ಹೊಕ್ಕಳ ಬಳ್ಳಿ ಇನ್ನೂ ಬಿದ್ದಿಲ್ಲ ಅಂದ್ರೆ ಮುಂದಿನ ಅಂಚನ್ನ ಕೆಳಗೆ ಮಡಚಿ ಗಾಳಿ ಆಡೋ ಹಂಗೆ ಬಿಡಬಹುದು. ಅಂಬೆಗಾಲು ಶುರುವಾದ್ರೆ ಒಂದು ಕಡೆ ನಿಲ್ಲಲ್ವಲ್ಲ, ಆಗ ಪ್ಯಾಂಟು. ಕಕ್ಕ ಮಾಡಿದ ಪ್ಯಾಂಟನ್ನ ಕಾಲಿನಿಂದ ಕೆಳಗೆ ಎಳೀಬೇಡ್ರಿ, ಎರಡೂ ಪಕ್ಕದ ಹೊಲಿಗೆ ಹರಿದು ತೆಗೀರಿ. ಇದು ಗೊತ್ತಿಲ್ದೆ ನಮ್ಮನೆಯವ್ರು ಒಂದ್ಸಲ ಹಿಮ್ಮಡಿವರೆಗೂ ಬಳಿದು ಇಟ್ಟಿದ್ರು, ಬಿಸಿನೀರಿಗೆ ನನ್ನ ಕೂಗಿದ್ದು ಪಕ್ಕದ ಮನೆಗೂ ಕೇಳಿತ್ತು.

ನಮ್ಮೂರಿನ ಬೇಸಿಗೆ ಗೊತ್ತಲ್ಲ. ಏಪ್ರಿಲ್ ಮೇನಲ್ಲಿ ಮಧ್ಯಾಹ್ನ ಕರೆಂಟ್ ಹೋದ್ರೆ ನಮಗೇ ಬಟ್ಟೆ ಮೈಮೇಲೆ ನಿಲ್ಲಲ್ಲ, ಕೂಸಿಗೆ ಪ್ಲಾಸ್ಟಿಕ್ ಚಡ್ಡಿ ಅಂದ್ರೆ ಹೆಂಗಿರಬೇಡ. ಒಳ್ಳೆಯದರಲ್ಲಿ ಹೊರಗಿನ ಹಾಳೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ ಇರ್ತವೆ: ಪ್ಲಾಸ್ಟಿಕ್ಕಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಹಾಳೆ ಎಳೆದಾಗ ಆ ಪುಡಿ ಸುತ್ತ ರಂಧ್ರ ಬಿಡ್ತವೆ, ನೀರು ದಾಟಲ್ಲ ಆವಿ ದಾಟುತ್ತೆ. ಇದನ್ನೂ ಮನೆಯಲ್ಲೇ ನೋಡಬಹುದು. ಲೋಟದಲ್ಲಿ ಬಿಸಿನೀರು ಹಾಕಿ ಬಾಯಿಗೆ ಡೈಪರಿನ ಹೊರಹಾಳೆ ಬಿಗಿಯಾಗಿ ಕಟ್ಟಿ, ಮೇಲೆ ಇನ್ನೊಂದು ಗಾಜಿನ ಲೋಟ ಬೋರಲು ಹಾಕ್ರಿ, ಸ್ವಲ್ಪ ಹೊತ್ತಲ್ಲಿ ಮೇಲಿನ ಲೋಟದ ಒಳಗೆ ಮಂಜು ಕಟ್ಟಿದ್ರೆ ಆವಿ ಆಡ್ತಿದೆ ಅಂತ. ನನ್ನ ನಾಲ್ಕರಲ್ಲಿ ಒಂದರಲ್ಲಿ ಮಂಜೇ ಕಟ್ಟಲಿಲ್ಲ. ಅದನ್ನ ಬೇಸಿಗೆಗೆ ತರಲೇ ಇಲ್ಲ, ಹೀರೋದ್ರಲ್ಲಿ ಚೆನ್ನಾಗೇ ಇತ್ತು ಪಾಪ.

ಕುಂಡಿ ಕೆಂಪಾಗೋದು ಬರೀ ಡೈಪರ್ ತಪ್ಪಲ್ಲ. ಉಚ್ಚೆ ಕಕ್ಕ ಎರಡೂ ಸೇರಿ ಜಾಸ್ತಿ ಹೊತ್ತು ಇದ್ರೆ ಅಲ್ಲಿ ಕ್ಷಾರ ಜಾಸ್ತಿಯಾಗಿ, ಕಕ್ಕದಲ್ಲಿರೋ ಜೀರ್ಣರಸಗಳು ಚರ್ಮಾನೇ ತಿನ್ನೋಕೆ ಶುರು ಮಾಡ್ತವೆ. ಹಾಗಾಗಿ ಡೈಪರ್ ಎಷ್ಟೇ ಒಣಗಿದ್ರೂ ಕಕ್ಕ ಮಾಡಿದ ಕೂಡ್ಲೆ ತೆಗೀಬೇಕು, ಅದಕ್ಕೆ 12 ಗಂಟೆ ಅನ್ನೋ ಲೆಕ್ಕ ಇಲ್ಲ. ಮುಂದೆ ಹಳದಿ ಗೆರೆ ಇರುತ್ತಲ್ಲ, ಒದ್ದೆ ಆದ್ರೆ ನೀಲಿ ಆಗುತ್ತೆ, ಅದು ಒದ್ದೆ ಆಗಿದೆ ಅಂತ ಮಾತ್ರ ಹೇಳುತ್ತೆ, ತುಂಬಿದೆ ಅಂತಲ್ಲ. ದಿನಕ್ಕೆ ಒಂದೆರಡು ಸಲ ಹಂಗೇ ಬರಿಮೈಯಲ್ಲಿ ಬಿಡ್ರಿ. ಕೆಂಪಾದ್ರೆ ಜಿಂಕ್ ಆಕ್ಸೈಡ್ ಇರೋ ಕ್ರೀಮು ದಪ್ಪಗೆ ಹಚ್ಚಿ. ಪೌಡರ್ ಮಾತ್ರ ಬೇಡ, ಹಾರಿ ಮಗುವಿನ ಮೂಗು ಬಾಯಿಗೆ ಹೋಗುತ್ತೆ, ಇದಕ್ಕೆ ನಮ್ಮನೇಲಿ ಎರಡು ದಿನ ಜಗಳ ಆಗಿದೆ. ಎರಡು ಮೂರು ದಿನಕ್ಕೂ ಇಳೀಲಿಲ್ಲ, ಅಥವಾ ಸಂದಿಯಲ್ಲಿ ಕಡುಕೆಂಪಾಗಿ ಸುತ್ತ ಚುಕ್ಕೆ ಚುಕ್ಕೆ ಬಂದಿದೆ ಅಂದ್ರೆ ಅದು ಫಂಗಸ್ ಇರಬಹುದು, ಬ್ರಾಂಡ್ ಬದಲಾಯಿಸ್ತಾ ಕೂರಬೇಡ್ರಿ, ಮಕ್ಕಳ ಡಾಕ್ಟರಿಗೆ ತೋರಿಸ್ರಿ.

ಘಮ ಘಮ ಅನ್ನೋದು, ಅಲೋವೆರಾ ಲೋಶನ್ ಇರೋದು, ಇವು ಮಗುವಿಗಲ್ಲ, ಕೊಳ್ಳೋ ನಮಗೆ. ಎರಡು ಪಾಕೀಟಲ್ಲಿ ಒಂದು ಆರಿಸಬೇಕಂದ್ರೆ ವಾಸನೆ ಇಲ್ಲದ್ದನ್ನ ಆರಿಸ್ತೀನಿ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯವರು 2020ರಲ್ಲಿ ನಮ್ಮ ಮಾರ್ಕೆಟ್ಟಿನ ಡೈಪರುಗಳಲ್ಲಿ ಥಾಲೇಟ್ ಅನ್ನೋ, ಪ್ಲಾಸ್ಟಿಕ್ ಮೆತ್ತಗೆ ಮಾಡೋ ಕೆಮಿಕಲ್ ಸಿಕ್ಕಿದೆ ಅಂತ ವರದಿ ಕೊಟ್ಟಿದ್ರು, ಫ್ರಾನ್ಸಿನ ಸರ್ಕಾರಿ ಸಂಸ್ಥೆ ಆನ್ಸೆಸ್ ಕೂಡ 2019ರಲ್ಲಿ ಅಲ್ಲಿನ ಡೈಪರುಗಳಲ್ಲಿ ಬೇಡದ ಕೆಮಿಕಲ್ ಇವೆ ಅಂತ ಎಚ್ಚರಿಸಿ ಸುಗಂಧ ತೆಗೀರಿ ಅಂತ ಹೇಳಿತ್ತು. ಹೆದರಿ ಕೂರೋ ವಿಷಯ ಅಲ್ಲ, ಆದ್ರೆ ಘಮಕ್ಕೆ ಅಂತ ಜಾಸ್ತಿ ದುಡ್ಡು ಕೊಡೋದು ಯಾಕೆ? ಇನ್ನು ಡೈಪರ್ ಹಾಕಿದ್ರೆ ಕಾಲು ಸೊಟ್ಟ ಆಗ್ತವೆ ಅನ್ನೋದು, ಎಳೆ ಮಕ್ಕಳ ಕಾಲು ಹುಟ್ಟಿದಾಗಿಂದ ಸ್ವಲ್ಪ ಬಾಗೇ ಇರ್ತವೆ, ಎರಡು ವರ್ಷದ ಹೊತ್ತಿಗೆ ತಾವೇ ನೆಟ್ಟಗಾಗ್ತವೆ. ಯಾವತ್ತಾದ್ರೂ ಒಳಗಿನ ಜೆಲ್ಲಿ ಹೊರಗೆ ಬಂದು ಮಗುವಿನ ಮೈಗೆ ಅಂಟಿದ್ರೆ ಗಾಬರಿ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ, ಬಾಯಿಗೆ ಹಾಕ್ಕೊಳ್ಳದಂಗೆ ನೋಡ್ರಿ, ಅಷ್ಟೇ.

ಬಟ್ಟೆ ಲಂಗೋಟಿ ಈ ಹೋಲಿಕೆಯಲ್ಲಿ ಇಲ್ವಾ ಅಂತ ಕೇಳ್ತೀರಿ. ಇದೆ, ನಮ್ಮನೆಯಲ್ಲಿ ಹಗಲು ಪೂರ್ತಿ ಅದೇ, ಮಾವನವರ ಹಳೇ ಪಂಚೆ ಹರಿದು ಮಾಡಿದ್ದು, ಕೆಳಗೆ ಕೌದಿ. ಅತ್ತೆ ಪ್ರಕಾರ ಅದಕ್ಕಿಂತ ಒಳ್ಳೇದು ಯಾವ ಕಂಪನಿಯೂ ಮಾಡಿಲ್ಲ, ಗಾಳಿ ಆಡೋ ವಿಷಯದಲ್ಲಿ ನಾನೂ ಒಪ್ತೀನಿ. ಆದ್ರೆ ಹೊಸದಾಗಿ ಹುಟ್ಟಿದ ಕೂಸು ದಿನಕ್ಕೆ ಇಪ್ಪತ್ತು ಸಲ ಒದ್ದೆ ಮಾಡುತ್ತೆ, ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರಲ್ಲ, ಮಳೆಗಾಲದಲ್ಲಿ ಒಣಗಲ್ಲ, ಒಗೆಯೋಳು ನಾನೇ. ಬ್ರಿಟನ್ನಿನ ಪರಿಸರ ಸಂಸ್ಥೆಯವರು 2008ರಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಬಟ್ಟೆಯಿಂದ ಪರಿಸರಕ್ಕೆ ಲಾಭ ಆಗೋದೂ ಬಿಡೋದೂ ಅದನ್ನ ಹೆಂಗೆ ಒಗೀತೀರಿ ಒಣಗಿಸ್ತೀರಿ ಅನ್ನೋದರ ಮೇಲೆ ನಿಂತಿದೆ ಅಂತ ಬಂತು: ಕುದಿಯೋ ನೀರು, ಡ್ರೈಯರ್ ಬಳಸಿದ್ರೆ ಲಾಭ ಕರಗುತ್ತೆ, ಹಗ್ಗದ ಮೇಲೆ ಬಿಸಿಲಿಗೆ ಹಾಕಿದ್ರೆ ಉಳಿಯುತ್ತೆ. ಬಿಸಿಲಿಗೆ ದಾವಣಗೆರೆಯಲ್ಲಿ ಬರ ಇಲ್ಲ.

ರೇಟಿನ ವಿಷಯ. ಪಾಕೀಟಿನ ಎಂಆರ್‌ಪಿ ನೋಡಬೇಡ್ರಿ, ಒಂದು ಪೀಸಿಗೆ ಎಷ್ಟು ಅಂತ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಇರುತ್ತೆ, ಅದನ್ನ ನೋಡ್ರಿ. ಅದಕ್ಕಿಂತ ಒಳ್ಳೇದು ಗಂಟೆ ಲೆಕ್ಕ. ಉದಾಹರಣೆಗೆ 9 ರೂಪಾಯಿದು ಮೂರು ಗಂಟೆಗೆ ತೆಗೀಬೇಕಾದ್ರೆ ಗಂಟೆಗೆ 3 ರೂಪಾಯಿ ಬಿತ್ತು, 14 ರೂಪಾಯಿದು ರಾತ್ರಿ ಹತ್ತು ಗಂಟೆ ಬಂದ್ರೆ ಗಂಟೆಗೆ ಒಂದು ರೂಪಾಯಿ 40 ಪೈಸೆ. ಹಗಲು ಹೊರಗೆ ಹೋಗುವಾಗ, ಎರಡು ಗಂಟೆಗೊಮ್ಮೆ ಕಕ್ಕ ಮಾಡೋ ಎಳೆಗೂಸಿಗೆ, ಈ ಲೆಕ್ಕ ಉಲ್ಟಾ ಆಗುತ್ತೆ, ಹೆಂಗೂ ತೆಗೆದು ಬಿಸಾಕಲೇಬೇಕು, ಅಲ್ಲಿಗೆ ಅಗ್ಗದ್ದೇ ಸಾಕು. ನಮ್ಮನೆಯಲ್ಲಿ ಈಗ ಎರಡು ತರ ಇದೆ, ರಾತ್ರಿದು ಮತ್ತೆ ಬಸ್ಸಲ್ಲಿ ಬೆಂಗಳೂರಿಗೆ ಹೋಗೋದಕ್ಕೆ ಒಂದು, ಸಂತೆ ಪೇಟೆ ಅಂತ ಒಂದೆರಡು ತಾಸಿಗೆ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಡೈಪರ್ ಮೇಲಿನ ಜಿಎಸ್‌ಟಿ 12 ಪರ್ಸೆಂಟಿಂದ 5ಕ್ಕೆ ಇಳಿದಿದೆ, ಹಳೇ ರೇಟಿನ ಪಾಕೀಟು ಕೊಟ್ರೆ ಸುಮ್ನೆ ತಗೋಬೇಡ್ರಿ, ಕೇಳ್ರಿ.

ದೊಡ್ಡ ಪಾಕೀಟು ಆಫರಲ್ಲಿ ಸಿಗುತ್ತೆ ಅಂತ ಪರೀಕ್ಷೆ ಮಾಡದೆ ತರಬೇಡ್ರಿ. ಬಿಡಿಯಾಗಿ ಒಂದೆರಡು ಪೀಸಿನ ಪಾಕೀಟು ಅಂಗಡಿಗಳಲ್ಲಿ ತೂಗುಹಾಕಿರ್ತಾರಲ್ಲ, ಮೂರು ನಾಲ್ಕು ತರದ್ದು ತಂದು, ಒಂದನ್ನ ಉಪ್ಪುನೀರಿಗೆ, ಇನ್ನೊಂದನ್ನ ಮಗುವಿಗೆ. ಒಂದೇ ರಾತ್ರಿ ನೋಡಿ ತೀರ್ಮಾನ ಮಾಡಬೇಡ್ರಿ, ಅವತ್ತು ಮಗು ಜಾಸ್ತಿ ನೀರು ಕುಡಿದಿರಬಹುದು, ಕಡೇಪಕ್ಷ ಮೂರು ರಾತ್ರಿ ನೋಡಿ, ಸೋರಿದ್ರೆ ಎಲ್ಲಿಂದ ಸೋರಿತು ಅಂತ ಕ್ಯಾಲೆಂಡರ್ ಮೇಲೆ ಬರೀರಿ: ಹೊಟ್ಟೆ ಕಡೆನಾ, ತೊಡೆನಾ, ಬೆನ್ನಾ. ತೊಡೆ ಅಂದ್ರೆ ಸೈಜೋ ನಿರಿಗೆಯೋ ನೋಡ್ರಿ, ಪೂರ್ತಿ ತುಂಬಿ ಜೋತುಬಿದ್ದು ಸೋರಿದ್ರೆ ಮಾತ್ರ ಅದು ಡೈಪರಿನ ತಪ್ಪು.

ಬಿಸಾಡೋದು ಹೇಳದಿದ್ರೆ ಇದೆಲ್ಲ ಅರ್ಧಂಬರ್ಧ. ಕಕ್ಕ ಇದ್ರೆ ಮೊದಲು ಟಾಯ್ಲೆಟ್ಟಿಗೆ ಉದುರಿಸಿ, ಡೈಪರನ್ನ ಒಳಮುಖವಾಗಿ ಉಂಡೆ ಸುತ್ತಿ, ಪೇಪರಲ್ಲಿ ಕಟ್ಟಿ, ಮೇಲೆ ಕೆಂಪು ಪೆನ್ನಲ್ಲಿ ಒಂದು ಗುರುತು ಹಾಕಿ ಕಸದ ಗಾಡಿಯವರಿಗೆ ಬೇರೆಯಾಗಿ ಕೊಡ್ರಿ. 2016ರ ಘನತ್ಯಾಜ್ಯ ನಿಯಮದಲ್ಲೇ ಹಿಂಗೆ ಸುತ್ತಿ ಕೊಡಬೇಕು ಅಂತ ಇತ್ತು, ಸುತ್ತೋಕೆ ಕವರ್ ಕಂಪನಿಯವರೇ ಕೊಡಬೇಕು ಅಂತಾನೂ ಇತ್ತು, ನನ್ನ ನಾಲ್ಕು ಪಾಕೀಟಲ್ಲಿ ಒಂದರಲ್ಲೂ ಇರಲಿಲ್ಲ. ಟಾಯ್ಲೆಟ್ಟಿಗೆ ಡೈಪರ್ ಹಾಕಿದ್ರೆ ಉಬ್ಬಿ ಪೈಪು ಕಟ್ಟುತ್ತೆ. ಹಿತ್ತಲಲ್ಲಿ ಸುಡಬೇಡ್ರಿ, ಭದ್ರಾ ನಾಲೆಗಂತೂ ಎಸೀಲೇಬೇಡ್ರಿ, ಆ ನೀರು ಮುಂದೆ ಯಾರದೋ ಗದ್ದೆಗೆ ಹೋಗುತ್ತೆ.

ಮಗಳು ಈಗ ಎಲ್ ಸೈಜ್. ಎಂ ಪಾಕೀಟು ಒಂದು ಒಡೆಯದೆ ಉಳಿದಿತ್ತು, ಬಿಲ್ ಇಟ್ಕೊಂಡಿದ್ದೆ, ಮಂಡಿಪೇಟೆ ಅಂಗಡಿಯವನು "ಆತು ಬಿಡ್ರಿ ಅಕ್ಕಾರೆ" ಅಂತ ಎಲ್‌ಗೆ ಬದಲಾಯಿಸಿ ಕೊಟ್ಟ, ಮೇಲೆ 40 ರೂಪಾಯಿ ಇಸ್ಕೊಂಡ. ಒಡೆದ ಪಾಕೀಟಲ್ಲಿದ್ದ ಆರು ಪೀಸು ಪಕ್ಕದ ಮನೆ ಬಾಣಂತಿಗೆ ಕೊಟ್ಟೆ, ಅವಳ ಕೂಸು ಇನ್ನೂ 5 ಕಿಲೋ, ಮಳೆ ತೇವ ತಾಗದಂಗೆ ಡಬ್ಬಿಯಲ್ಲಿ ಮುಚ್ಚಿಡು ಅಂತ ಹೇಳಿ ಬಂದಿದ್ದೀನಿ.